ಉಳಿದ ಶೇಕಡ 90 ಎಲ್ಲಿಗೆ ಹೋಗುತ್ತದೆ?

ಪ್ರಶ್ನೆ: ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತೇನೆ. ಆಹಾರ ಸರಪಳಿಯ ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಶೇ. 10ರಷ್ಟು ಶಕ್ತಿ ಮಾತ್ರ ಸಾಗುತ್ತದೆ ಎಂದು ಪಾಠ ಮಾಡುತ್ತಿದ್ದಾಗ ವಿದ್ಯಾರ್ಥಿನಿಯೊಬ್ಬಳು ಎರಡು ಪ್ರಶ್ನೆ ಕೇಳಿದಳು. ಶಕ್ತಿ ನಾಶವಾಗುವುದಿಲ್ಲ ಎಂದ ಮೇಲೆ ಉಳಿದ ಶೇ. 90 ಎಲ್ಲಿಗೆ ಹೋಗುತ್ತದೆ? ಸಮುದ್ರದಲ್ಲಿ ಸಸ್ಯಗಳ ಒಟ್ಟು ತೂಕಕ್ಕಿಂತ ಅವನ್ನು ಅವಲಂಬಿಸಿದ ಜೀವಿಗಳ ತೂಕವೇ ಹೆಚ್ಚು ಎಂದು ಓದಿದ್ದೇನೆ, ಹಾಗಿದ್ದರೆ ಶೇ. 10ರ ಲೆಕ್ಕ ಅಲ್ಲಿ ಸುಳ್ಳಾಗುವುದಿಲ್ಲವೇ? ಎರಡಕ್ಕೂ ನನಗೆ ತೃಪ್ತಿಕರ ಉತ್ತರ ಕೊಡಲಾಗಲಿಲ್ಲ. ದಯವಿಟ್ಟು ವಿವರಿಸಿ.

ಉತ್ತರ: ಆ ವಿದ್ಯಾರ್ಥಿನಿ ಸರಿಯಾದ ಜಾಗಕ್ಕೇ ಬೆರಳಿಟ್ಟಿದ್ದಾಳೆ. ಪಠ್ಯಗಳಲ್ಲಿ ‘ಶೇ. 10ರ ನಿಯಮ’ ಎಂದು ಅಚ್ಚಾಗುವ ಮಾತು ನಿಯಮವೇ ಅಲ್ಲ, ಅನೇಕ ಅಳತೆಗಳ ನಡುವೆ ಸಿಗುವ ಒಂದು ಒರಟು ಸರಾಸರಿ. ಅದರ ಹಿಂದೆ ಒಂದರ ಬೆನ್ನಿಗೊಂದು ನಿಂತ ಮೂರು ಬೇರೆ ಬೇರೆ ಸೋರಿಕೆಗಳಿವೆ, ಅವುಗಳಲ್ಲಿ ಶಾಖವಾಗಿ ಹೋಗುವುದು ಒಂದು ಮಾತ್ರ. ಎರಡನೆಯ ಪ್ರಶ್ನೆಯ ತೊಡಕು ಇನ್ನೂ ಬುಡದಲ್ಲಿದೆ. ಅಲ್ಲಿ ತೂಗುತ್ತಿರುವುದು ರಾಶಿಯನ್ನು, ಶೇ. 10ರ ಲೆಕ್ಕ ಹೇಳುತ್ತಿರುವುದು ಹರಿವನ್ನು. ತೊಟ್ಟಿಯಲ್ಲಿ ಎಷ್ಟು ನೀರು ನಿಂತಿದೆ ಎನ್ನುವುದು ಒಂದು ಪ್ರಶ್ನೆ, ನಲ್ಲಿಯಿಂದ ಗಂಟೆಗೆ ಎಷ್ಟು ನೀರು ಬೀಳುತ್ತದೆ ಎನ್ನುವುದು ಇನ್ನೊಂದು. ಉತ್ಪಾದಕತೆ ಎಂಬ ಮಾತಿನೊಳಗೆ ಯಾವಾಗಲೂ ಕಾಲ ಅಡಗಿರುತ್ತದೆ, ಆದ್ದರಿಂದಲೇ ಅದನ್ನು ಒಂದು ಚದರ ಮೀಟರಿಗೆ ಒಂದು ವರ್ಷಕ್ಕೆ ಇಷ್ಟು ಗ್ರಾಂ ಅಥವಾ ಇಷ್ಟು ಕಿಲೊಕ್ಯಾಲೊರಿ ಎಂದು ಹೇಳುತ್ತೇವೆ. ‘ವರ್ಷಕ್ಕೆ’ ಎಂಬುದನ್ನು ಬಿಟ್ಟು ಬರೆದ ಉತ್ಪಾದಕತೆಯ ಅಂಕಿಗೆ ಅರ್ಥವಿಲ್ಲ.

ಬಿಸಿಲಿನಿಂದ ಆರಂಭಿಸೋಣ. ವಾತಾವರಣದ ಮೇಲಂಚಿನಲ್ಲಿ ಸೂರ್ಯನಿಗೆ ನೇರವಾಗಿ ಒಡ್ಡಿದ ಒಂದು ಚದರ ಮೀಟರಿಗೆ ಸುಮಾರು 1,361 ವ್ಯಾಟ್ ಬೀಳುತ್ತದೆ. ಇರುಳು, ಭೂಮಿಯ ದುಂಡು, ಮೋಡ, ಧೂಳು ಇವೆಲ್ಲವನ್ನೂ ಕಳೆದು ನೆಲಕ್ಕೆ ತಲುಪುವುದರಲ್ಲಿ ಅರ್ಧಕ್ಕಿಂತ ತುಸು ಕಡಿಮೆ ಭಾಗ ಮಾತ್ರ 400ರಿಂದ 700 ನ್ಯಾನೊಮೀಟರ್ ತರಂಗಾಂತರದ ಬೆಳಕು, ಅಂದರೆ ದ್ಯುತಿಸಂಶ್ಲೇಷಣೆಗೆ ಒದಗುವ ಬೆಳಕು. ಅದರಲ್ಲಿಯೂ ಒಂದಿಷ್ಟು ಎಲೆಯ ಮೇಲಿನಿಂದ ಪ್ರತಿಫಲಿಸಿ ಹೋಗುತ್ತದೆ, ಒಂದಿಷ್ಟು ಎಲೆಯನ್ನು ಹಾಯ್ದು ಹೋಗುತ್ತದೆ, ಹೀರಿದ್ದರಲ್ಲಿಯೂ ದೊಡ್ಡ ಪಾಲು ರಾಸಾಯನಿಕ ಕ್ರಿಯೆಯ ಮೆಟ್ಟಿಲುಗಳಲ್ಲಿಯೇ ಶಾಖವಾಗಿಬಿಡುತ್ತದೆ. ಎಲ್ಲ ಅನುಕೂಲವೂ ಕೂಡಿಬಂದರೆ ಗೋಧಿ, ಭತ್ತದಂತಹ ಸಿ3 ಸಸ್ಯಗಳು (ದ್ಯುತಿಸಂಶ್ಲೇಷಣೆಯ ಮೊದಲ ಉತ್ಪನ್ನದಲ್ಲಿ ಮೂರು ಇಂಗಾಲ ಇರುವವು) ಬಿದ್ದ ಬಿಸಿಲಿನ ಶೇ. 4.6ರಷ್ಟನ್ನೂ ಜೋಳ, ಕಬ್ಬಿನಂತಹ ಸಿ4 ಸಸ್ಯಗಳು (ನಾಲ್ಕು ಇಂಗಾಲ ಇರುವವು) ಶೇ. 6ರಷ್ಟನ್ನೂ ಜೈವಿಕ ರಾಶಿಯಲ್ಲಿ ಹಿಡಿದಿಡಬಹುದು ಎಂಬುದು ಸೈದ್ಧಾಂತಿಕ ಗರಿಷ್ಠ. ಹೊಲದಲ್ಲಿ ಕಾಣುವುದು ಅದಕ್ಕಿಂತ ಬಹಳ ಕಡಿಮೆ.

ಎಷ್ಟು ಕಡಿಮೆ ಎಂಬುದನ್ನು ಮೊದಲು ಅಚ್ಚುಕಟ್ಟಾಗಿ ಲೆಕ್ಕ ಹಾಕಿದವರು ಅಮೆರಿಕದ ಸಸ್ಯವಿಜ್ಞಾನಿ ಎಡ್ಗರ್ ಟ್ರಾನ್ಸೋ. 1926ರಲ್ಲಿ ಅವರು ಒಂದು ಎಕರೆ ಮೆಕ್ಕೆಜೋಳದ ಹೊಲವನ್ನು ಲೆಕ್ಕದ ಪುಸ್ತಕದಂತೆ ಓದಿದರು. ಹತ್ತು ಸಾವಿರ ಗಿಡ, ಒಂದು ಬೆಳೆ ಅವಧಿ. ಆ ಅವಧಿಯಲ್ಲಿ ಹೊಲಕ್ಕೆ ಬಿದ್ದ ಬಿಸಿಲು ಸುಮಾರು 204 ಕೋಟಿ ಕಿಲೊಕ್ಯಾಲೊರಿ. ದ್ಯುತಿಸಂಶ್ಲೇಷಣೆಯಲ್ಲಿ ಗಿಡಗಳು ಹಿಡಿದದ್ದು 3.3 ಕೋಟಿ, ಅಂದರೆ ಶೇ. 1.6. ಹಾಗೆ ಹಿಡಿದದ್ದರಲ್ಲಿ ಸುಮಾರು 80 ಲಕ್ಷವನ್ನು ಗಿಡಗಳೇ ತಮ್ಮ ಉಸಿರಾಟಕ್ಕೆ ವ್ಯಯಿಸಿದವು. ನನಗೆ ಈ ಲೆಕ್ಕದಲ್ಲಿ ಹೆಚ್ಚು ಕುತೂಹಲಕರವೆನಿಸುವುದು ಇನ್ನೊಂದು ಸಾಲು: ಸುಮಾರು 91 ಕೋಟಿ ಕಿಲೊಕ್ಯಾಲೊರಿ, ಬಿದ್ದ ಬಿಸಿಲಿನ ಹೆಚ್ಚುಕಡಿಮೆ ಶೇ. 45, ಎಲೆಗಳಿಂದ ನೀರನ್ನು ಆವಿಯಾಗಿಸುವುದಕ್ಕೆ ಹೋಯಿತು. ಶಕ್ತಿಯ ದೃಷ್ಟಿಯಿಂದ ನೋಡಿದರೆ ಹಸಿರು ಹೊಲವು ಮೊದಲಿಗೆ ಒಂದು ಆವಿ ಯಂತ್ರ, ಆಮೇಲಷ್ಟೇ ಆಹಾರದ ಕಾರ್ಖಾನೆ.

ಟ್ರಾನ್ಸೋ ಹೊಲದ 3.3 ಕೋಟಿ ಗಿಡದ ಗಳಿಕೆ, ಉಸಿರಾಟದ ಖರ್ಚು ಕಳೆದು ನಿಂತ 2.5 ಕೋಟಿ ಅದರ ಉಳಿಕೆ. ಪರಿಭಾಷೆಯಲ್ಲಿ ಗಳಿಕೆಗೆ ಒಟ್ಟು ಪ್ರಾಥಮಿಕ ಉತ್ಪಾದನೆ ಎಂದೂ ಉಳಿಕೆಗೆ ನಿವ್ವಳ ಪ್ರಾಥಮಿಕ ಉತ್ಪಾದನೆ ಎಂದೂ ಹೆಸರು. ಕಂಬಳಿಹುಳುವಿಗಾಗಲಿ, ಜಿಂಕೆಗಾಗಲಿ, ಅಣಬೆಗಾಗಲಿ, ನಮಗಾಗಲಿ ಸಿಗುವುದು ಉಳಿಕೆ ಮಾತ್ರ. ಎಳೆಯ ಬೆಳೆಯಲ್ಲಿ ಉಸಿರಾಟದ ಖರ್ಚು ಗಳಿಕೆಯ ಕಾಲು ಭಾಗದಷ್ಟಿದ್ದರೆ ಹಳೆಯ ಮರಗಳ ದಟ್ಟ ಕಾಡಿನಲ್ಲಿ ಅದು ಅರ್ಧವನ್ನು ಮೀರುತ್ತದೆ, ಏಕೆಂದರೆ ಅಲ್ಲಿ ಎಲೆಗಳು ದುಡಿದದ್ದರಲ್ಲಿ ಕಾಂಡ ಮತ್ತು ಬೇರುಗಳ ಜೀವಂತ ಅಂಗಾಂಶವನ್ನೂ ಸಾಕಬೇಕು.

ಈ ಗಳಿಕೆ, ಖರ್ಚು, ಉಳಿಕೆಗಳನ್ನು ಅಳೆಯುವುದು ಹೇಗೆ ಎಂದು ನೀವು ಕೇಳಿಲ್ಲ. ಆದರೂ ಹೇಳುತ್ತೇನೆ, ಏಕೆಂದರೆ ಒಮ್ಮೆ ಕೈಯಾರೆ ಅಳೆದವರಿಗೆ ಒಟ್ಟು ಯಾವುದು, ನಿವ್ವಳ ಯಾವುದು ಎಂಬ ಗೊಂದಲ ಮತ್ತೆಂದೂ ಬರುವುದಿಲ್ಲ. ಗಾರ್ಡರ್ ಮತ್ತು ಗ್ರಾನ್ ಎಂಬ ನಾರ್ವೆಯ ವಿಜ್ಞಾನಿಗಳು 1927ರಲ್ಲಿ ಪ್ರಕಟಿಸಿದ ಬಾಟಲಿ ವಿಧಾನ ಇಂದಿಗೂ ಕಾಲೇಜಿನ ಪ್ರಯೋಗಾಲಯಗಳಲ್ಲಿದೆ. ಕೆರೆಯ ಒಂದೇ ಆಳದ ನೀರನ್ನು ಮೂರು ಬಾಟಲಿಗಳಿಗೆ ತುಂಬಬೇಕು. ಒಂದರ ಆಮ್ಲಜನಕವನ್ನು ಆ ಕ್ಷಣವೇ ಅಳೆಯಬೇಕು. ಇನ್ನೊಂದು ಪಾರದರ್ಶಕ ಬಾಟಲಿ, ಮತ್ತೊಂದು ಬೆಳಕು ತೂರದಂತೆ ಕಪ್ಪು ಬಟ್ಟೆಯಲ್ಲೋ ಲೋಹದ ಹಾಳೆಯಲ್ಲೋ ಸುತ್ತಿದ್ದು. ಅವೆರಡನ್ನೂ ದಾರಕ್ಕೆ ಕಟ್ಟಿ ಅದೇ ಆಳಕ್ಕೆ ಇಳಿಬಿಟ್ಟು ಕೆಲವು ಗಂಟೆ ಕಾಯಬೇಕು. ಆರಂಭದಲ್ಲಿ ಲೀಟರಿಗೆ 8 ಮಿಲಿಗ್ರಾಂ ಆಮ್ಲಜನಕ ಇತ್ತು, ಬೆಳಕಿನ ಬಾಟಲಿಯಲ್ಲಿ ಅದು 10 ಆಯಿತು, ಕತ್ತಲ ಬಾಟಲಿಯಲ್ಲಿ 7ಕ್ಕೆ ಇಳಿಯಿತು ಎಂದುಕೊಳ್ಳಿ. ಕತ್ತಲಲ್ಲಿ ಕಳೆದುಹೋದ 1 ಮಿಲಿಗ್ರಾಂ ಉಸಿರಾಟ. ಬೆಳಕಿನಲ್ಲಿ ಏರಿದ 2 ಮಿಲಿಗ್ರಾಂ ನಿವ್ವಳ. ಬೆಳಕಿನ ಬಾಟಲಿಯಲ್ಲಿಯೂ ಅಷ್ಟೇ ಉಸಿರಾಟ ನಡೆದಿರುತ್ತದೆಯಾದ್ದರಿಂದ ಒಟ್ಟು ಉತ್ಪಾದನೆ 3. ಬಾಟಲಿಯೊಳಗಿನ ಬ್ಯಾಕ್ಟೀರಿಯ ಮತ್ತು ಪ್ರಾಣಿಪ್ಲವಕಗಳೂ (ನೀರಿನಲ್ಲಿ ತೇಲುವ ಸೂಕ್ಷ್ಮ ಪ್ರಾಣಿಗಳು) ಉಸಿರಾಡುತ್ತವೆ ಎಂಬುದನ್ನು ಮರೆಯಬಾರದು, ಕಟ್ಟುನಿಟ್ಟಾಗಿ ಹೇಳಿದರೆ ಆ 2 ಮಿಲಿಗ್ರಾಂ ಸಸ್ಯಗಳ ಉಳಿಕೆಯಲ್ಲ, ಇಡೀ ಬಾಟಲಿಯ ಸಮುದಾಯದ ಉಳಿಕೆ.

ಆಮ್ಲಜನಕವನ್ನು ಅಳೆಯುವ ವಿಂಕ್ಲರ್ ವಿಧಾನ ನೋಡಲು ಸುಂದರ, ಮಾಡಲು ಕಿರಿಕಿರಿ. ಮ್ಯಾಂಗನೀಸ್ ಸಲ್ಫೇಟನ್ನೂ ಕ್ಷಾರೀಯ ಅಯೊಡೈಡನ್ನೂ ಬಿಟ್ಟೊಡನೆ ಬಾಟಲಿಯಲ್ಲಿ ಕಂದು ಬಣ್ಣದ ಗಷ್ಟು ಮೋಡದಂತೆ ಇಳಿಯುತ್ತದೆ. ಆಮ್ಲ ಹಾಕಿದರೆ ಅದು ಕರಗಿ ದ್ರಾವಣ ಹಳದಿಯಾಗುತ್ತದೆ, ಪಿಷ್ಟ ಸೇರಿಸಿದರೆ ಕಡುನೀಲಿ, ಥಯೊಸಲ್ಫೇಟನ್ನು ಹನಿಹನಿಯಾಗಿ ಬಿಡುತ್ತಾ ಹೋದರೆ ಒಂದು ಹನಿಯಲ್ಲಿ ಆ ನೀಲಿ ತಟ್ಟನೆ ಮಾಯ. ನಾನು ವಿದ್ಯಾರ್ಥಿಯಾಗಿದ್ದಾಗ ಮೊದಲ ಸಲ ಈ ಪ್ರಯೋಗ ಮಾಡಿ, ಕೆರೆಯ ಸಸ್ಯಗಳು ಕಗ್ಗತ್ತಲಿನಲ್ಲಿ ಆಮ್ಲಜನಕ ಬಿಡುತ್ತವೆ ಎಂಬ ಫಲಿತಾಂಶ ತಂದಿದ್ದೆ. ಕತ್ತಲ ಬಾಟಲಿಗೆ ಬಿರಟೆ ಹಾಕುವಾಗ ಕುತ್ತಿಗೆಯಲ್ಲಿ ಒಂದು ಗಾಳಿಗುಳ್ಳೆ ಸಿಕ್ಕಿಕೊಂಡಿತ್ತು. ಒಂದು ಮಿಲಿಲೀಟರ್ ಗಾಳಿಯಲ್ಲಿ ಕಾಲು ಮಿಲಿಗ್ರಾಮಿಗಿಂತ ಹೆಚ್ಚು ಆಮ್ಲಜನಕ ಇರುತ್ತದೆ. 300 ಮಿಲಿಲೀಟರಿನ ಬಾಟಲಿಯಲ್ಲಿ ನಾವು ಹುಡುಕುತ್ತಿರುವ ಉಸಿರಾಟದ ವ್ಯತ್ಯಾಸವೇ ಸುಮಾರು ಅಷ್ಟು. ನೀವು ಮಕ್ಕಳಿಂದ ಮಾಡಿಸುವುದಾದರೆ ಬಾಟಲಿಯನ್ನು ನೀರು ಉಕ್ಕಿ ಹರಿಯುವಂತೆ ತುಂಬಿಸಿ, ಬಿರಟೆಯನ್ನು ಓರೆಯಾಗಿ ಜಾರಿಸಿ ಮುಚ್ಚಿಸಿ.

ಆಮ್ಲಜನಕದ ಬದಲಾವಣೆ ಹಿಡಿಯಲಾಗದಷ್ಟು ಸೂಕ್ಷ್ಮವಾಗಿರುವ ತೆರೆದ ಸಮುದ್ರಕ್ಕೆ ಡೆನ್ಮಾರ್ಕಿನ ಸ್ಟೀಮನ್ ನೀಲ್ಸನ್ 1952ರಲ್ಲಿ ವಿಕಿರಣಶೀಲ ಇಂಗಾಲ-14ರ ವಿಧಾನವನ್ನು ತಂದರು. ನೆಲದ ಮೇಲೆ ಈಗ ಕಾಡಿನ ತಲೆಗಿಂತ ಎತ್ತರದ ಗೋಪುರಗಳಲ್ಲಿ ಉಪಕರಣ ಕೂರಿಸಿ, ಗಾಳಿಯ ಮೇಲುಕೆಳಗಿನ ಚಲನೆಯನ್ನೂ ಅದು ಹೊತ್ತ ಇಂಗಾಲದ ಡೈಆಕ್ಸೈಡನ್ನೂ ಸೆಕೆಂಡಿಗೆ ಹತ್ತಾರು ಬಾರಿ ಅಳೆಯುತ್ತಾರೆ. ಭೂಮಿಯಿಡೀ ನೋಡಲು ಉಪಗ್ರಹಗಳಿವೆ. ಅವು ಅಳೆಯುವುದು ಬಣ್ಣವನ್ನು, ಉತ್ಪಾದನೆಯನ್ನಲ್ಲ. ಪತ್ರಹರಿತ್ತಿನ ಅಂದಾಜಿನಿಂದ ಉತ್ಪಾದನೆಗೆ ಹೋಗಲು ನಡುವೆ ಒಂದು ಮಾದರಿ ಬೇಕು.

ಹಾಗೆ ಲೆಕ್ಕ ಹಾಕಿ 1998ರಲ್ಲಿ ಪ್ರಕಟವಾದ, ಇಂದಿಗೂ ಎಲ್ಲರೂ ಉಲ್ಲೇಖಿಸುವ ಅಂದಾಜಿನ ಪ್ರಕಾರ ಭೂಮಿಯ ನಿವ್ವಳ ಪ್ರಾಥಮಿಕ ಉತ್ಪಾದನೆ ವರ್ಷಕ್ಕೆ ಸುಮಾರು 10,500 ಕೋಟಿ ಟನ್ ಇಂಗಾಲ. ಅದರಲ್ಲಿ ನೆಲದ ಪಾಲು 5,640 ಕೋಟಿ, ಸಮುದ್ರದ ಪಾಲು 4,850 ಕೋಟಿ. ಸಮುದ್ರ ಹೆಚ್ಚುಕಡಿಮೆ ಅರ್ಧ ಕೊಡುತ್ತದೆ ಎಂದ ಕೂಡಲೆ ಅದು ಫಲವತ್ತಾದ ಜಾಗ ಎಂದು ಭಾವಿಸಬಾರದು. 1970ರ ದಶಕದಲ್ಲಿ ವಿಟೇಕರ್ ಮತ್ತು ಲೈಕನ್ಸ್ ಮಾಡಿದ ಕೋಷ್ಟಕದಲ್ಲಿ ಉಷ್ಣವಲಯದ ಮಳೆಕಾಡು ಚದರ ಮೀಟರಿಗೆ ವರ್ಷಕ್ಕೆ ಸುಮಾರು 2,200 ಗ್ರಾಂ ಒಣ ರಾಶಿ ಬೆಳೆದರೆ ತೆರೆದ ಸಮುದ್ರ ಬೆಳೆಯುವುದು ಸುಮಾರು 125 ಗ್ರಾಂ, ಅಂದರೆ ಟಂಡ್ರಾ ಪ್ರದೇಶದ 140ಕ್ಕಿಂತಲೂ ಕಡಿಮೆ. ಸಮುದ್ರದ ಮೊತ್ತ ದೊಡ್ಡದಾಗುವುದು ಅದರ ವಿಸ್ತಾರದಿಂದ.

ನೀರಿಗೆ ಕೊರತೆಯಿಲ್ಲ, ಬಿಸಿಲಿಗೂ ಇಲ್ಲ, ಆದರೂ ಕಡುನೀಲಿ ಸಮುದ್ರ ಹೀಗೇಕೆ ಬಂಜರು? ಬೆಳಕು ಇರುವುದು ಮೇಲೆ, ಪೋಷಕಾಂಶ ಇರುವುದು ಕೆಳಗೆ. ಸತ್ತ ಜೀವಕೋಶಗಳು ಮತ್ತು ಮಲದ ಕಣಗಳು ಮುಳುಗುವಾಗ ಸಾರಜನಕ, ರಂಜಕಗಳನ್ನು ತಮ್ಮೊಂದಿಗೆ ಆಳಕ್ಕೆ ಒಯ್ಯುತ್ತವೆ. ಬೆಚ್ಚಗಿನ ಹಗುರ ಮೇಲ್ಪದರವು ತಣ್ಣಗಿನ ಭಾರದ ನೀರಿನ ಮೇಲೆ ಮುಚ್ಚಳದಂತೆ ಕುಳಿತು ಅವು ಮರಳಿ ಬರದಂತೆ ತಡೆಯುತ್ತದೆ. ಪೆರುವಿನ ಕರಾವಳಿಯಂತಹ ಕಡೆ ಗಾಳಿಯು ಮೇಲ್ನೀರನ್ನು ದೂರಕ್ಕೆ ತಳ್ಳಿ ಆಳದ ನೀರು ಮೇಲೆದ್ದು ಬರುವುದರಿಂದ ಚಿತ್ರವೇ ಬದಲಾಗುತ್ತದೆ. ದಕ್ಷಿಣ ಮಹಾಸಾಗರ ಮತ್ತು ಸಮಭಾಜಕ ಪೆಸಿಫಿಕ್‌ನಲ್ಲಿ ಮಾತ್ರ ನೈಟ್ರೇಟ್ ಸಾಕಷ್ಟಿದ್ದರೂ ಸಸ್ಯಪ್ಲವಕಗಳು, ಅಂದರೆ ನೀರಿನಲ್ಲಿ ತೇಲುವ ಸೂಕ್ಷ್ಮ ಸಸ್ಯಗಳು, ವಿರಳ. ಕಬ್ಬಿಣದ ಕೊರತೆಯೇ ಕಾರಣ ಎಂದು ಅಮೆರಿಕದ ಸಮುದ್ರವಿಜ್ಞಾನಿ ಜಾನ್ ಮಾರ್ಟಿನ್ ವಾದಿಸಿದರು. 1993ರಲ್ಲಿ ಗಲಪಗಾಸ್ ದ್ವೀಪಗಳ ದಕ್ಷಿಣಕ್ಕೆ ಕಬ್ಬಿಣದ ದ್ರಾವಣ ಸುರಿದು ನೋಡಿದಾಗ ಉತ್ಪಾದನೆ ಹಲವು ಪಟ್ಟು ಏರಿತು, ಆದರೆ ಆ ಫಲಿತಾಂಶ ಕಾಣಲು ಮಾರ್ಟಿನ್ ಇರಲಿಲ್ಲ. ಅದಕ್ಕೆ ಕೆಲವು ತಿಂಗಳ ಮೊದಲು ಅವರು ತೀರಿಕೊಂಡಿದ್ದರು.

ಈಗ ಮೊದಲ ಪ್ರಶ್ನೆಯ ನಡುಮಧ್ಯಕ್ಕೆ ಬರುತ್ತೇನೆ. ಎಲೆಯ ಮೇಲೆ ಕುಳಿತ ಒಂದು ಕಂಬಳಿಹುಳುವನ್ನು ಹತ್ತಿರದಿಂದ ನೋಡಿ. ಅಂಚಿನಿಂದ ಕಮಾನಿನಂತೆ ಎಲೆಯನ್ನು ಕತ್ತರಿಸುತ್ತಾ ಅದು ಮುಂದುವರಿಯುತ್ತಿದ್ದಂತೆ ಹಿಂಬದಿಯಿಂದ ಕಪ್ಪುಹಸಿರಿನ ಪುಟ್ಟ ಗುಳಿಗೆಗಳು ಉದುರುತ್ತಲೇ ಇರುತ್ತವೆ. ಒಂದು ಗುಳಿಗೆಯನ್ನು ನೀರಿನಲ್ಲಿ ಹಾಕಿ ಭೂತಗನ್ನಡಿಯಲ್ಲಿ ನೋಡಿದರೆ ಎಲೆಯ ತುಣುಕುಗಳು ತುಣುಕುಗಳಾಗಿಯೇ ಕಾಣುತ್ತವೆ. ತಿಂದ ಎಲೆಯ ಶಕ್ತಿಯಲ್ಲಿ ಅರ್ಧ, ಎಷ್ಟೋ ಸಲ ಅದಕ್ಕಿಂತ ಹೆಚ್ಚು, ಈ ಹಿಕ್ಕೆಯಲ್ಲಿಯೇ ಇರುತ್ತದೆ. ಅದು ನಾಶವಾಗಿಲ್ಲ, ಶಾಖವೂ ಆಗಿಲ್ಲ, ಒಣಗಿಸಿ ಬೆಂಕಿಗೆ ಹಾಕಿದರೆ ಉರಿಯುತ್ತದೆ. ಹುಳುವಿನ ಕರುಳಿನ ಗೋಡೆ ದಾಟಿ ಒಳಸೇರಿದ ಪಾಲಿನಲ್ಲಿ ಬಹುಭಾಗ ಉಸಿರಾಟದಲ್ಲಿ ಖರ್ಚಾಗುತ್ತದೆ, ನಿಜವಾದ ಶಾಖ ಅದು. ಮಿಕ್ಕ ಸಣ್ಣ ಪಾಲು ಹುಳುವಿನ ಮೈಯಾಗುತ್ತದೆ. ಹಕ್ಕಿಗೆ ಸಿಗುವುದು ಆ ಮೈ ಮಾತ್ರ.

ಇದಕ್ಕೂ ಮುಂಚಿನ ಸೋರಿಕೆಯನ್ನು ಹುಳುವನ್ನಲ್ಲ, ಮರವನ್ನು ನೋಡಿ ತಿಳಿಯಬೇಕು. ಅದರ ಬಹುಪಾಲು ಎಲೆಗಳನ್ನು ಯಾರೂ ತಿನ್ನುವುದೇ ಇಲ್ಲ. ಕಾಡುಗಳಲ್ಲಿ ಸಸ್ಯಾಹಾರಿಗಳ ಬಾಯಿಗೆ ಹೋಗುವುದು ನಿವ್ವಳ ಉತ್ಪಾದನೆಯ ಶೇ. 10ಕ್ಕಿಂತ ಸಾಮಾನ್ಯವಾಗಿ ಕಡಿಮೆ, ಹುಲ್ಲುಗಾವಲಿನಲ್ಲಿ ಅದಕ್ಕಿಂತ ಬಹಳ ಹೆಚ್ಚು, ಸಸ್ಯಪ್ಲವಕಗಳಲ್ಲಿ ಅರ್ಧವನ್ನೂ ಮೀರಬಹುದು. ಹೀಗೆ ತಿಂದದ್ದೆಷ್ಟು, ತಿಂದದ್ದರಲ್ಲಿ ಅರಗಿದ್ದೆಷ್ಟು, ಅರಗಿದ್ದರಲ್ಲಿ ಮೈಯಾದದ್ದೆಷ್ಟು ಎಂಬ ಮೂರು ಭಿನ್ನರಾಶಿಗಳನ್ನು ಗುಣಿಸಿದಾಗ ಬರುವುದೇ ಒಂದು ಸ್ತರದಿಂದ ಮುಂದಿನ ಸ್ತರಕ್ಕೆ ಸಾಗುವ ಪ್ರಮಾಣ. ಕೇವಲ ಲೆಕ್ಕಕ್ಕೆಂದು, ಪ್ರಾಣಿಪ್ಲವಕಗಳು ಶೇ. 60ರಷ್ಟು ತಿಂದು, ಅದರ ಶೇ. 60 ಅರಗಿಸಿಕೊಂಡು, ಅದರ ಶೇ. 30 ಮೈಯಾಗಿಸಿಕೊಂಡವು ಎಂದಿಟ್ಟುಕೊಂಡರೆ ಗುಣಲಬ್ಧ ಶೇ. 10.8. ಕಾಡಿನ ಕೀಟಗಳು ಶೇ. 5 ತಿಂದು, ಶೇ. 40 ಅರಗಿಸಿ, ಶೇ. 40 ಮೈಯಾಗಿಸಿದರೆ ಶೇ. 0.8. ಬಿಸಿರಕ್ತದ ಸಸ್ಯಾಹಾರಿಯು ಹುಲ್ಲಿನ ಶೇ. 30 ತಿಂದು, ಶೇ. 45 ಅರಗಿಸಿಕೊಂಡರೂ ದೇಹವನ್ನು ಬೆಚ್ಚಗಿಡುವ ಖರ್ಚೇ ವಿಪರೀತವಾದ್ದರಿಂದ ಶೇ. 2ರಷ್ಟನ್ನು ಮಾತ್ರ ಮೈಯಾಗಿಸುತ್ತದೆ. ಗುಣಲಬ್ಧ ಶೇ. 0.3ರ ಆಸುಪಾಸು. ಸಸ್ತನಿಗಳು ಮತ್ತು ಹಕ್ಕಿಗಳು ಅರಗಿದ ಶಕ್ತಿಯಲ್ಲಿ ಶೇ. 1ರಿಂದ 3ರಷ್ಟನ್ನು ಮಾತ್ರ ಹೊಸ ದೇಹವಾಗಿಸುತ್ತವೆ ಎಂಬುದು ಬಹಳಷ್ಟು ಅಧ್ಯಯನಗಳಲ್ಲಿ ಕಂಡ ಮಾತು. ಕೀಟಗಳಲ್ಲಿ ಅದು ಶೇ. 40ರವರೆಗೂ ಹೋಗುತ್ತದೆ. ‘ಶೇ. 10’ ಎಂದು ಒಂದೇ ಅಂಕಿ ಬರೆಸುವಾಗ ನಾವು ಈ ಇಡೀ ವೈವಿಧ್ಯವನ್ನು ಅಳಿಸಿಹಾಕುತ್ತಿರುತ್ತೇವೆ.

ಆದ್ದರಿಂದ ‘ಉಳಿದ ಶೇ. 90 ಶಾಖವಾಗಿ ನಷ್ಟವಾಗುತ್ತದೆ’ ಎಂಬ ವಾಕ್ಯ ತಪ್ಪು, ಕನಿಷ್ಠ ಅವಸರದ್ದು. ತಿನ್ನದೆ ಬಿಟ್ಟ ಎಲೆ, ಹಿಕ್ಕೆ, ಹೆಣ ಇವೆಲ್ಲ ಶಿಲೀಂಧ್ರ, ಬ್ಯಾಕ್ಟೀರಿಯ, ಎರೆಹುಳು, ಗೆದ್ದಲುಗಳ ಇನ್ನೊಂದು ಸರಪಳಿಗೆ ಹೋಗುತ್ತವೆ. ಕಾಡಿನಲ್ಲಿ ಶಕ್ತಿಯ ಹೆದ್ದಾರಿ ಈ ವಿಘಟಕರ ಸರಪಳಿಯೇ. ಪಠ್ಯಗಳ ಚಿತ್ರದಲ್ಲಿ ಹುಲ್ಲು, ಜಿಂಕೆ, ಹುಲಿ ದೊಡ್ಡದಾಗಿಯೂ ಅಣಬೆ ಮೂಲೆಯಲ್ಲಿ ಸಣ್ಣದಾಗಿಯೂ ಇರುವುದು ನನಗೆ ಸದಾ ತಲೆಕೆಳಗಾದ ಚಿತ್ರವಾಗಿ ಕಾಣುತ್ತದೆ.

ಎಲ್ಲ ಲೆಕ್ಕವೂ ತಾಳೆಯಾಗುವುದನ್ನು ನಿಮ್ಮ ವಿದ್ಯಾರ್ಥಿನಿಗೆ ತೋರಿಸಬೇಕೆಂದರೆ ಅಮೆರಿಕದ ಪರಿಸರವಿಜ್ಞಾನಿ ಹವರ್ಡ್ ಓಡಮ್ 1957ರಲ್ಲಿ ಪ್ರಕಟಿಸಿದ ಫ್ಲಾರಿಡಾದ ಸಿಲ್ವರ್ ಸ್ಪ್ರಿಂಗ್ಸ್ ಬುಗ್ಗೆಯ ಅಧ್ಯಯನಕ್ಕಿಂತ ಒಳ್ಳೆಯ ಉದಾಹರಣೆ ಇಲ್ಲ. ಅದರ ನೀರು ತಿಳಿ, ಉಷ್ಣತೆ ವರ್ಷವಿಡೀ ಹೆಚ್ಚುಕಡಿಮೆ ಒಂದೇ, ಹಾಗಾಗಿ ಲೆಕ್ಕ ಸುಲಭ. ಎಲ್ಲ ಅಂಕಿಗಳೂ ಒಂದು ಚದರ ಮೀಟರಿಗೆ ಒಂದು ವರ್ಷಕ್ಕೆ ಕಿಲೊಕ್ಯಾಲೊರಿಗಳಲ್ಲಿವೆ. ಬಿದ್ದ ಬಿಸಿಲು 17,00,000. ಸಸ್ಯಗಳು ಹೀರಿದ್ದು 4,10,000. ಒಟ್ಟು ಪ್ರಾಥಮಿಕ ಉತ್ಪಾದನೆ 20,810, ಸಸ್ಯಗಳ ಉಸಿರಾಟ 11,977, ನಿವ್ವಳ 8,833. ಸಸ್ಯಾಹಾರಿಗಳಿಗೆ ಸೇರಿದ್ದು 3,368, ಅವನ್ನು ತಿನ್ನುವ ಮಾಂಸಾಹಾರಿಗಳಿಗೆ 383, ತುದಿಯ ಮಾಂಸಾಹಾರಿಗಳಿಗೆ 21. ಅನುಪಾತ ತೆಗೆದು ನೋಡಿ: ಒಟ್ಟು ಉತ್ಪಾದನೆಯ ಶೇ. 16, ಆಮೇಲೆ ಶೇ. 11, ಆಮೇಲೆ ಶೇ. 5.5. ಒಂದೇ ಬುಗ್ಗೆಯೊಳಗೂ ಹತ್ತು ಎಲ್ಲಿಯೂ ಸರಿಯಾಗಿ ಕುಳಿತಿಲ್ಲ. ವಿಘಟಕರ ಪಾಲು 5,060, ಅಂದರೆ ಎಲ್ಲ ಪ್ರಾಣಿಗಳದ್ದಕ್ಕಿಂತ ಹೆಚ್ಚು. ಇನ್ನು ಜಮಾ-ಖರ್ಚು ನೋಡೋಣ. ಒಟ್ಟು ಉತ್ಪಾದನೆಯ ಜೊತೆ ಹೊರಗಿನಿಂದ ಬಂದು ಬಿದ್ದ ಸಾವಯವ ವಸ್ತು 486, ಎರಡೂ ಸೇರಿ 21,296. ಖರ್ಚಿನ ಬದಿಯಲ್ಲಿ ಸಸ್ಯಗಳ ಉಸಿರಾಟ 11,977, ಸಸ್ಯಾಹಾರಿಗಳದ್ದು 1,890, ಮಾಂಸಾಹಾರಿಗಳದ್ದು 316, ತುದಿಯ ಮಾಂಸಾಹಾರಿಗಳದ್ದು 13, ವಿಘಟಕರದ್ದು 4,600, ಒಟ್ಟು 18,796. ನೀರಿನೊಂದಿಗೆ ಕೆಳಕ್ಕೆ ಹರಿದುಹೋದ ಸಾವಯವ ವಸ್ತು 2,500. ಕೂಡಿದರೆ 21,296. ಒಂದು ಕ್ಯಾಲೊರಿಯೂ ಕಾಣೆಯಾಗಿಲ್ಲ.

ಈ ಬಗೆಯ ಲೆಕ್ಕಕ್ಕೆ ದಾರಿ ಹಾಕಿದವರು ಅಮೆರಿಕದ ಇನ್ನೊಬ್ಬ ಪರಿಸರವಿಜ್ಞಾನಿ ರೇಮಂಡ್ ಲಿಂಡೆಮನ್. ಮಿನೆಸೋಟದ ಸೀಡರ್ ಬಾಗ್ ಎಂಬ ಪುಟ್ಟ ಸರೋವರವನ್ನು ಐದು ವರ್ಷ ಜಾಲಾಡಿ ಅವರು ಬರೆದ ಪ್ರಬಂಧವನ್ನು ಪರಿಶೀಲಕರು ಮೊದಲಿಗೆ ಒಪ್ಪಲಿಲ್ಲ, ತೀರಾ ಸೈದ್ಧಾಂತಿಕವಾಯಿತು ಎಂಬ ಆಕ್ಷೇಪ. 1942ರ ಅಕ್ಟೋಬರಿನಲ್ಲಿ ಅದು ಅಚ್ಚಾಗುವ ಹೊತ್ತಿಗೆ ಲಿಂಡೆಮನ್ ತೀರಿಕೊಂಡು ಕೆಲವು ತಿಂಗಳಾಗಿತ್ತು, ಅವರಿಗೆ 27 ಕೂಡ ತುಂಬಿರಲಿಲ್ಲ. ‘ಶೇ. 10ರ ನಿಯಮ’ವನ್ನು ಪಠ್ಯಗಳು ಅವರ ಹೆಸರಿಗೆ ಹಚ್ಚುತ್ತವೆ. ಆದರೆ ಅವರ ಸರೋವರದ ಅಂಕಿಗಳು ಬೇರೆ: ಸಸ್ಯಗಳು ಬಿಸಿಲಿನ ಶೇ. 0.1 ಹಿಡಿದವು, ಮುಂದಿನ ಸ್ತರಕ್ಕೆ ಶೇ. 13.3, ಅದರ ಮುಂದಿನದಕ್ಕೆ ಶೇ. 22.3. ಹತ್ತನ್ನು ಅವರು ನಿಯಮವೆಂದು ಘೋಷಿಸಲಿಲ್ಲ. ನ್ಯಾಯವಾಗಿ ಹೇಳಬೇಕೆಂದರೆ ಆ ಅಂಕಿ ಪೂರ್ತಿ ಗಾಳಿಮಾತೂ ಅಲ್ಲ. ಡೇನಿಯಲ್ ಪಾಲಿ ಮತ್ತು ವಿಲ್ಲಿ ಕ್ರಿಸ್ಟೆನ್ಸನ್ 1995ರಲ್ಲಿ ಜಲ ವ್ಯವಸ್ಥೆಗಳ ಹಲವಾರು ಮಾದರಿಗಳನ್ನು ಕಲೆಹಾಕಿದಾಗ ಸರಾಸರಿ ಶೇ. 10.1 ಬಂತು, ಬಿಡಿ ಬೆಲೆಗಳು ಮಾತ್ರ ಅದರ ಎರಡೂ ಬದಿಗೆ ದೂರದೂರಕ್ಕೆ ಚದುರಿದ್ದವು.

ಸಮುದ್ರದ ಪ್ರಶ್ನೆಗೆ ಉತ್ತರ ಈಗ ಸುಲಭ. 2018ರಲ್ಲಿ ಪ್ರಕಟವಾದ ಭೂಮಿಯ ಜೈವಿಕ ರಾಶಿಯ ಲೆಕ್ಕದ ಪ್ರಕಾರ ಸಸ್ಯಗಳಲ್ಲಿ ಸುಮಾರು 45,000 ಕೋಟಿ ಟನ್ ಇಂಗಾಲವಿದೆ, ಅದು ಬಹುತೇಕ ನೆಲದ ಮೇಲೆಯೇ. ಸಮುದ್ರದ ಉತ್ಪಾದಕರಲ್ಲಿ ಇರುವುದು ಸುಮಾರು 100 ಕೋಟಿ ಟನ್, ಅಲ್ಲಿನ ಭಕ್ಷಕರಲ್ಲಿ ಸುಮಾರು 500 ಕೋಟಿ. ನಿಮ್ಮ ವಿದ್ಯಾರ್ಥಿನಿ ಓದಿದ್ದು ನಿಜ, ತಳ ಸಣ್ಣದು, ಮೇಲ್ಭಾಗ ದೊಡ್ಡದು. ಈಗ ಈ ರಾಶಿಯ ಪಕ್ಕದಲ್ಲಿ ಹರಿವನ್ನು ಇಡಿ. ಸಮುದ್ರದ 100 ಕೋಟಿ ಟನ್ ಉತ್ಪಾದಕರು ವರ್ಷಕ್ಕೆ 4,850 ಕೋಟಿ ಟನ್ ಬೆಳೆಯುತ್ತಾರೆ, ಅಂದರೆ ಇಡೀ ರಾಶಿ ಸುಮಾರು ವಾರಕ್ಕೊಮ್ಮೆ ಹೊಸದಾಗುತ್ತದೆ. ನೆಲದ ಸಸ್ಯಗಳ ರಾಶಿಯನ್ನು ಅವುಗಳ 5,640 ಕೋಟಿಯಿಂದ ಭಾಗಿಸಿದರೆ ಎಂಟು ವರ್ಷ. ನೆಲದಲ್ಲಿ ಮರವು ದಶಕಗಳ ಉಳಿಕೆಯನ್ನು ಕಟ್ಟಿಗೆಯಾಗಿ ಕೂಡಿಟ್ಟು ನಿಲ್ಲುತ್ತದೆ, ಸಮುದ್ರದಲ್ಲಿ ಪ್ಲವಕದ ಕೋಶವು ಒಂದೆರಡು ದಿನಕ್ಕೊಮ್ಮೆ ಇಬ್ಭಾಗವಾಗುತ್ತದೆ, ಹುಟ್ಟಿದಷ್ಟೇ ಬೇಗ ಯಾರದೋ ಬಾಯಿಗೆ ಹೋಗುತ್ತದೆ. ಅದನ್ನು ತಿಂದು ತಿಂಗಳು, ವರ್ಷ ಬದುಕುವ ಪ್ರಾಣಿಗಳಲ್ಲಿ ಇಂಗಾಲ ಹೆಚ್ಚು ಕಾಲ ತಂಗುತ್ತದೆ, ಅದಕ್ಕೇ ಆ ಕ್ಷಣದ ತೂಕದಲ್ಲಿ ಅವೇ ಮೇಲುಗೈ. ತೂಕದ ಪಿರಮಿಡ್ ತಲೆಕೆಳಗಾಗಬಹುದು, ಸಂಖ್ಯೆಯ ಪಿರಮಿಡ್ಡೂ ಆಗಬಹುದು, ಒಂದು ಮರದ ಮೇಲೆ ಸಾವಿರಾರು ಹುಳುಗಳಿರುವುದಿಲ್ಲವೇ? ಶಕ್ತಿಯ ಹರಿವಿನ ಪಿರಮಿಡ್ ಮಾತ್ರ, ಎಲ್ಲ ಒಳಹರಿವನ್ನೂ ಲೆಕ್ಕಕ್ಕೆ ಹಿಡಿದರೆ, ತಲೆಕೆಳಗಾಗುವಂತಿಲ್ಲ. ದಟ್ಟ ಕಾಡಿನ ನೆರಳಲ್ಲಿ ಹರಿಯುವ ತೊರೆಯಲ್ಲಿ ಅದು ತಲೆಕೆಳಗಾದಂತೆ ಕಂಡರೆ ದಡದ ಮರಗಳಿಂದ ಉದುರಿದ ಎಲೆಗಳನ್ನು ಲೆಕ್ಕಕ್ಕೆ ಸೇರಿಸಲು ಮರೆತಿದ್ದೇವೆ ಎಂದರ್ಥ.

ಸರಪಳಿ ಎಷ್ಟು ಉದ್ದ ಎಂಬುದಕ್ಕೂ ಇದೇ ಲೆಕ್ಕ. ಜಾನ್ ರೈದರ್ 1969ರಲ್ಲಿ ತೋರಿಸಿದಂತೆ, ತೆರೆದ ಸಮುದ್ರದ ಉತ್ಪಾದಕರು ಎಷ್ಟು ಸೂಕ್ಷ್ಮವೆಂದರೆ ಅವುಗಳಿಂದ ನಾವು ಹಿಡಿಯುವ ಮೀನಿಗೆ ತಲುಪಲು ಐದು ಮೆಟ್ಟಿಲು ಬೇಕಾಗುತ್ತದೆ. ಆಳದ ನೀರು ಮೇಲೇಳುವ ಕಡೆ ದೊಡ್ಡ ಗಾತ್ರದ ಡಯಾಟಮ್ ಎಂಬ ಸಸ್ಯಪ್ಲವಕಗಳನ್ನು ಮೀನುಗಳೇ ನೇರವಾಗಿ ತಿನ್ನುವುದರಿಂದ ಅವರು ಸರಾಸರಿ ಒಂದೂವರೆ ಮೆಟ್ಟಿಲು ಎಂದು ಹಿಡಿದರು. ಮೊದಲನೆಯದಕ್ಕೆ ಮೆಟ್ಟಿಲಿಗೆ ಶೇ. 10, ಎರಡನೆಯದಕ್ಕೆ ಶೇ. 20 ಎಂದು ಲೆಕ್ಕ ಹಾಕಿ, ಸಮುದ್ರದ ವಿಸ್ತಾರದಲ್ಲಿ ಶೇ. 0.1ರಷ್ಟೇ ಇರುವ ಆ ಪಟ್ಟಿಗಳಿಂದ ಜಗತ್ತಿನ ಮೀನಿನ ಉತ್ಪಾದನೆಯಲ್ಲಿ ಅರ್ಧ ಬರುತ್ತದೆ ಎಂದು ಅಂದಾಜಿಸಿದರು. ಅವರ ಅಂಕಿಗಳು ಆಮೇಲೆ ತಿದ್ದುಪಡಿ ಕಂಡವು, ತರ್ಕ ಉಳಿಯಿತು.

ನಿಮ್ಮ ವಿದ್ಯಾರ್ಥಿನಿ ಇಷ್ಟಕ್ಕೆ ಸುಮ್ಮನಾಗುವಂತೆ ತೋರುವುದಿಲ್ಲ. ಉಸಿರಾಟದಲ್ಲಿ ಶಾಖವಾದ ಶಕ್ತಿಯನ್ನು ಸಸ್ಯಗಳು ಮತ್ತೆ ಏಕೆ ಹಿಡಿಯಬಾರದು ಎಂದು ಆಕೆ ಕೇಳಬಹುದು. ಪತ್ರಹರಿತ್ತನ್ನು ಎಚ್ಚರಿಸುವ ಕೆಂಪು ಬೆಳಕಿನ ತರಂಗಾಂತರ ಸುಮಾರು 680 ನ್ಯಾನೊಮೀಟರ್. ಸಾಧಾರಣ ಉಷ್ಣತೆಯ ನೆಲ, ನೀರು, ಪ್ರಾಣಿಗಳು ಹೊರಸೂಸುವ ವಿಕಿರಣದ ತರಂಗಾಂತರ 10,000 ನ್ಯಾನೊಮೀಟರಿನ ಆಸುಪಾಸು, ಅದರ ಒಂದೊಂದು ಫೋಟಾನಿನಲ್ಲಿ ಇರುವುದು ಕೆಂಪು ಬೆಳಕಿನ ಫೋಟಾನಿನ ಹದಿನೈದನೆಯ ಒಂದು ಭಾಗದಷ್ಟು ಶಕ್ತಿ. ಇಂತಹ ಹದಿನೈದನ್ನು ಕೂಡಿಸಿ ಒಂದಾಗಿಸುವ ವ್ಯವಸ್ಥೆ ಎಲೆಯಲ್ಲಿ ಇಲ್ಲ. ಸುತ್ತಮುತ್ತಲಿನದ್ದೆಲ್ಲ ಒಂದೇ ಉಷ್ಣತೆಯಲ್ಲಿರುವಾಗ ಆ ಶಾಖದಿಂದ ಕೆಲಸ ತೆಗೆಯಲು ಉಷ್ಣಗತಿವಿಜ್ಞಾನದ ಎರಡನೆಯ ನಿಯಮವೂ ಬಿಡುವುದಿಲ್ಲ. ಹಿಕ್ಕೆ ಕೊಳೆತು ಬಿಡುಗಡೆಯಾದ ಇಂಗಾಲದ ಪರಮಾಣು ಮತ್ತೆ ಎಲೆಗೆ ಸೇರಬಹುದು, ಅದರೊಂದಿಗೆ ಇದ್ದ ಶಕ್ತಿ ಮಾತ್ರ ವಾತಾವರಣ ದಾಟಿ ಬಾಹ್ಯಾಕಾಶಕ್ಕೆ ಹೋಗುತ್ತದೆ. ಹಾಗಾಗಿ ತರಗತಿಯಲ್ಲಿ ಇಂಗಾಲದ ಬಾಣಗಳನ್ನು ಸುತ್ತು ಬರುವಂತೆಯೂ ಶಕ್ತಿಯ ಬಾಣಗಳನ್ನು ಒಂದು ಕಡೆ ಒಳಬಂದು ಇನ್ನೊಂದು ಕಡೆ ಹೊರಹೋಗುವಂತೆಯೂ ಬರೆಸಿ, ಬಾಣದ ಅಗಲವನ್ನು ಅಂಕಿಗೆ ತಕ್ಕಂತೆ ಇಡಲು ಹೇಳಿ. ಸಿಲ್ವರ್ ಸ್ಪ್ರಿಂಗ್ಸ್‌ನ ತುದಿಯ ಮಾಂಸಾಹಾರಿಗಳ 21ಕ್ಕೆ ಒಂದು ಮಿಲಿಮೀಟರ್ ಕೊಟ್ಟರೆ ಒಟ್ಟು ಪ್ರಾಥಮಿಕ ಉತ್ಪಾದನೆಯ ಬಾಣಕ್ಕೆ ಹೆಚ್ಚುಕಡಿಮೆ ಒಂದು ಮೀಟರ್ ಬೇಕಾಗುತ್ತದೆ, ಅದು ಕರಿಹಲಗೆಯಲ್ಲಿ ಹಿಡಿಸುತ್ತದೆ. ಬಿಸಿಲಿನ ಬಾಣಕ್ಕೆ 81 ಮೀಟರ್ ಬೇಕು, ಅದಕ್ಕೆ ಮಕ್ಕಳನ್ನು ಆಟದ ಮೈದಾನಕ್ಕೆ ಕರೆದುಕೊಂಡು ಹೋಗಬೇಕಾದೀತು.